ಮೂರು ಗಂಟೆಗೆ ಬನ್ನಿ

ಹೋದ ವಾರ ಒಂದೇ ಒಂದು ಸಹಿಗಾಗಿ ಕಾರವಾರದಿಂದ ಬೆಂಗಳೂರಿಗೆ ಹೋಗಿದ್ದೆ. ರಾತ್ರಿಯಿಡೀ ಬಸ್ಸು. ಬೆಳಗ್ಗೆ ಕಚೇರಿಯಲ್ಲಿ ಕೇಳಿದರೆ, ‘ಸಾಹೇಬ್ರು ಮೀಟಿಂಗಲ್ಲಿದ್ದಾರೆ, ಮೂರು ಗಂಟೆಗೆ ಬನ್ನಿ.’

ಸರಿ, ಹತ್ತಿರದಲ್ಲೇ ಕಬ್ಬನ್ ಪಾರ್ಕ್ ಇತ್ತಲ್ಲ. ಬಿದಿರು ಮೆಳೆ ಪಕ್ಕದ ಬೆಂಚಲ್ಲಿ ಕೂತು ಅಕ್ಕ ಕಟ್ಟಿಕೊಟ್ಟ ಚಪಾತಿ ಬಿಚ್ಚಿದೆ. ಬಿದಿರಿನ ಮೈಮೇಲೆಲ್ಲ ಯಾರ್ಯಾರದೋ ಹೆಸರು, ಬೀಗದ ಕೈಯಲ್ಲಿ ಗೀರಿದ್ದಿರಬೇಕು. ಒಂದು ಕಡೆ ಹುಡುಗಿ ಹೆಸರನ್ನು ಕೆರೆದು ಹಾಕಿ, ಅದರ ಕೆಳಗೇ ಇನ್ನೊಂದು ಹೆಸರು! ಬಿದಿರನ್ನಾದರೂ ಬದಲಾಯಿಸಬಾರದಿತ್ತಾ ಮಾರಾಯಾ?

ಈ ಪಾರ್ಕ್ ಶುರುವಾದದ್ದು 1870ರಲ್ಲಿ. 1927ರಲ್ಲಿ ಚಾಮರಾಜೇಂದ್ರ ಪಾರ್ಕ್ ಅಂತ ಹೆಸರು ಬದಲಾಯಿಸಿದರು. ಆಟೋದವರಿಗೆ ಆ ಹೆಸರು ಹೇಳಿ ನೋಡಿ, ಗೊತ್ತಾಗುತ್ತದೆ. ಪಕ್ಕದ ವಿಧಾನಸೌಧ ಮುಗಿದದ್ದು 1956ರಲ್ಲಿ. ಅಂದ್ರೆ ಕಾಯುವವರಿಗೆ ಜಾಗ ಮೊದಲೇ ರೆಡಿ ಇತ್ತು. ‘ಸರ್ಕಾರದ ಕೆಲಸ ದೇವರ ಕೆಲಸ’ ಅಂತ ಬರೆದದ್ದನ್ನೂ ನೋಡಿ ಬಂದೆ. ದೇವರೂ ಮೀಟಿಂಗಲ್ಲಿರಬಹುದು.

ಇವತ್ತು ಸಂಜೆ ನಮ್ಮ ಟಾಗೋರ್ ಕಡಲತೀರದಲ್ಲಿ ಸುಮ್ನೆ ಕೂತಿದ್ದೇನೆ. ಚಪ್ಪಲಿ ತುಂಬ ಮರಳು. ಆಚೆ ಚಪಲ್ ಯುದ್ಧನೌಕೆ ನೀರು ಬಿಟ್ಟು ದಡದಲ್ಲಿ ನಿಂತಿದೆ. 1883ರಲ್ಲಿ, ಇಲ್ಲಿ ಜಡ್ಜ್ ಆಗಿದ್ದ ಅಣ್ಣನ ಮನೆಗೆ ಬಂದಾಗ ಟಾಗೋರರಿಗೆ 22 ವರ್ಷ. ಕಡಲು ನೋಡುತ್ತಾ ಒಂದು ನಾಟಕವನ್ನೇ ಬರೆದರು. ನಾನು ಶೇಂಗಾ ತಿನ್ನುತ್ತಿದ್ದೇನೆ.

ಸಹಿ? ಐದೂವರೆಗೆ ಸಿಕ್ಕಿತು. ಸೀಲು ಹಾಕುವುದು ಮರೆತಿದ್ದಾರೆ ಅಂತ ಊರಿಗೆ ಬಂದ ಮೇಲೆ ನೋಡಿದೆ. ಅಕ್ಕನಿಗೆ ಮತ್ತೆ ಚಪಾತಿ ಮಾಡು ಅಂತ ಹೇಳಬೇಕು.