ಗಾಜಿಗೆ ಒರಗಿದ ದಾಸವಾಳ

ಮೊನ್ನೆ ಒಂದು ಕೆಂಪು ದಾಸವಾಳವನ್ನು ಸ್ಕ್ಯಾನರ್ ಗಾಜಿನ ಮೇಲೆ ಬೋರಲು ಮಲಗಿಸಿದೆ. ಮುಚ್ಚಳ ಹಾಕಲಿಲ್ಲ. ಕೋಣೆಯ ದೀಪ ಆರಿಸಿ, 1200 ಡಿಪಿಐ, ಅಂದರೆ ಇಂಚಿಗೆ 1200 ಚುಕ್ಕೆ, ಇಟ್ಟು ಕಾಯುತ್ತಾ ಕೂತೆ.

ಹೂವಿನ ನಡುವಿನ ದಂಟು ಪಕ್ಕಕ್ಕೆ ವಾಲಿ ಗಾಜಿಗೆ ಒರಗಿತ್ತು. ಚಿತ್ರದಲ್ಲಿ ಮೊದಲು ಕಣ್ಣಿಗೆ ಬಿದ್ದದ್ದೇ ಅದು. ತುದಿಯಲ್ಲಿ ಐದು ಕೆಂಪು ಗುಂಡುಗಳು, ಮಖಮಲ್ ಹಾಗೆ ನವಿರು ಕೂದಲು. ಕೆಳಗೆ ಹಳದಿ ಪರಾಗ, ಕಾಳು ಕಾಳಾಗಿ ಎಣಿಸಬಹುದು. ಮೂರ್ನಾಲ್ಕು ಕಾಳು ಗಾಜಿನ ಮೇಲೆ ಉದುರಿದ್ದವು, ಅವೂ ಬಂದಿದ್ದವು. ಎಸಳುಗಳು ಮಾತ್ರ ಹಿಂದೆ ಹೋದ ಹಾಗೆ ಮಸುಕು, ಆಮೇಲೆ ಕಡುಗೆಂಪು, ಆಮೇಲೆ ಬರೀ ಕಪ್ಪು. ತೊಟ್ಟು ಕಾಣಲೇ ಇಲ್ಲ.

ಆ ಕಪ್ಪು ನಾನು ಬಳಿದದ್ದಲ್ಲ. ಸ್ಕ್ಯಾನರಿನ ಬೆಳಕು ಗಾಜಿನ ಹತ್ತಿರ ಮಾತ್ರ ಜೋರು. ಸ್ವಲ್ಪ ಮೇಲೆ ಹೋದರೆ ಸೋತುಹೋಗುತ್ತದೆ. ಹಾಗಾಗಿ ಇಲ್ಲಿ ದೂರ ಅಂದರೆ ಕತ್ತಲೆ. ಗಾಜನ್ನು ಮುಟ್ಟಿದ್ದು ಮಾತ್ರ ಪೂರ್ತಿ ಕಾಣುತ್ತದೆ. ನನಗೆ ಈ ಚಿತ್ರಗಳ ಮೇಲೆ ಇಷ್ಟು ಪ್ರೀತಿ ಇರುವುದೇ ಅದಕ್ಕೆ. 1843ರಲ್ಲೇ ಇಂಗ್ಲೆಂಡಿನ ಸಸ್ಯಶಾಸ್ತ್ರಜ್ಞೆ ಅನ್ನಾ ಅಟ್ಕಿನ್ಸ್ ಕಡಲ ಪಾಚಿಯನ್ನು ರಾಸಾಯನಿಕ ಬಳಿದ ಕಾಗದದ ಮೇಲೆ ನೇರ ಇಟ್ಟು, ಬಿಸಿಲಿಗೆ ಒಡ್ಡಿ ನೀಲಿ ಚಿತ್ರ ಮಾಡಿದ್ದರು. ಅದೂ ಮುಟ್ಟಿ ತೆಗೆದ ಚಿತ್ರವೇ ಅಲ್ವಾ? ಅಲ್ಲಿ ನೆರಳು ಉಳಿಯುತ್ತಿತ್ತು, ಇಲ್ಲಿ ಮೈಯ ಬಣ್ಣವೂ ಉಳಿಯುತ್ತದೆ.

ಹೂವಿಗೆ ನಾನು ಹಳೆಯ ದಪ್ಪ ಸ್ಕ್ಯಾನರನ್ನೇ ಬಳಸುತ್ತೇನೆ. ಅದರೊಳಗೆ ಕನ್ನಡಿ, ಲೆನ್ಸ್, ಬೆಳಕು ಹಿಡಿಯುವ ಸಿಸಿಡಿ ಚಿಪ್ ಇವೆ. ಗಾಜಿನಿಂದ ತುಸು ಮೇಲಿರುವುದನ್ನೂ ಅದು ಹಿಡಿಯುತ್ತದೆ. ಈಗಿನ ತೆಳು ಸ್ಕ್ಯಾನರುಗಳಲ್ಲಿ ಜಾಸ್ತಿ ಇರುವುದು ಸಿಐಎಸ್, ಅಂದರೆ ಗಾಜಿಗೆ ತೀರಾ ಹತ್ತಿರ ಕೂರುವ ಸಂವೇದಕ. ಅದರಲ್ಲಿ ಕೆಲವೇ ಮಿಲಿಮೀಟರ್ ಮೇಲಿದ್ದರೂ ಮಸುಕು. ಎಲೆ, ಗರಿಗೆ ಪರವಾಗಿಲ್ಲ. ಏನೇ ಇಡುವ ಮುಂಚೆ ಗಾಜು ಚೆನ್ನಾಗಿ ಒರೆಸಿ, ಇಲ್ಲದಿದ್ದರೆ ಕಪ್ಪಿನ ತುಂಬ ಧೂಳು ನಕ್ಷತ್ರದ ಹಾಗೆ ಹೊಳೆಯುತ್ತದೆ.

ಕ್ಯಾಮೆರಾ ಒಂದು ಕಡೆ ನಿಂತು ನೋಡುತ್ತದೆ. ಸ್ಕ್ಯಾನರ್ ನಡೆದುಕೊಂಡು ಹೋಗುತ್ತಾ ನೋಡುತ್ತದೆ, ಒಂದೊಂದೇ ಗೆರೆ. ಇದು ನನಗೆ ಸರಿಯಾಗಿ ಅರ್ಥವಾದದ್ದು ಅಮ್ಮನ ಕೈಯನ್ನು ತೆಳು ಸ್ಕ್ಯಾನರಿನಲ್ಲಿ ಸ್ಕ್ಯಾನ್ ಮಾಡಿದಾಗ. ಬೆಳಕು ನೋಡಬೇಡ, ಆ ಕಡೆ ತಿರುಗು ಅಂದೆ. ಅಂಗೈ ಊರಿ ಕೂತಳು. ಅವಳ ಬೆರಳು ಈಗೀಗ ನಡುಗುತ್ತವೆ.

ಒತ್ತಿದ ಕಡೆ ಚರ್ಮ ಬಿಳಿಚಿತ್ತು. ಗೆರೆಗಳು, ಬೆರಳ ತುದಿಯ ಸುರುಳಿ, ಹೆಬ್ಬೆರಳ ಹತ್ತಿರದ ಹಳೆಯ ಗಾಯದ ಗುರುತು, ಎಲ್ಲ ಸ್ಪಷ್ಟ. ಕಿರುಬೆರಳ ಅಂಚು ಮಾತ್ರ ಅಲೆ ಅಲೆಯಾಗಿತ್ತು. ಬೆರಳ ತುದಿ ಒಂದು ಕ್ಷಣದ್ದು, ಬುಡ ಇನ್ನೊಂದು ಕ್ಷಣದ್ದು. ನಡುವೆ ಎಷ್ಟು ಸಲ ನಡುಗಿತೋ ಅಷ್ಟು ಅಲೆ. ಅಂಚಿನುದ್ದಕ್ಕೂ ಕೆಂಪು, ಹಸಿರು, ನೀಲಿ ಎಳೆಗಳು ಬೇರೆ. ಆ ಯಂತ್ರ ಮೂರು ಬಣ್ಣದ ದೀಪಗಳನ್ನು ಒಂದಾದ ಮೇಲೊಂದು ಹೊತ್ತಿಸುತ್ತದೆ. ಅಷ್ಟರಲ್ಲೇ ಬೆರಳು ಚೂರು ಸರಿದರೆ ಬಣ್ಣಗಳು ಒಂದರ ಮೇಲೊಂದು ಕೂರುವುದಿಲ್ಲ.

"ಕೆಟ್ಟೋಯ್ತಾ? ಇನ್ನೊಂದ್ಸಲ ಇಡ್ಲಾ?" ಅಂದಳು ಅಮ್ಮ.

ಬೇಡ ಅಂದೆ. ಧೂಳಿನ ಚುಕ್ಕೆಗಳನ್ನಷ್ಟೇ ತೆಗೆದೆ. ಅಲೆಗಳನ್ನು ಹಾಗೇ ಬಿಟ್ಟಿದ್ದೇನೆ.