ಬಿಸಿಲಿನಲ್ಲಿ ಬಂದ ಛತ್ರಿ ಜಾಹೀರಾತು

ನಾನು ಹುಬ್ಬಳ್ಳಿಯ ಒಂದು ಸಣ್ಣ ಜಾಹೀರಾತು ಏಜೆನ್ಸಿಗೆ ಸೇರಿದ್ದು 1990ರ ದಶಕದ ಕೊನೆಗೆ. ಎರಡು ಕೋಣೆ, ಒಂದು ಫೋನು, ಮೂರು ಜನ. ಪೇಪರಿಗೆ ಜಾಹೀರಾತು ಬರೆಯೋದು, ಗೋಡೆ ಮೇಲೆ ಬರೆಸೋದು, ಟಾಕೀಸಿನಲ್ಲಿ ಸ್ಲೈಡ್ ಹಾಕಿಸೋದು, ಮತ್ತೆ ರೇಡಿಯೊ. ರೇಡಿಯೊ ಅಂದ್ರೆ ಆಗ ನಮಗೆ ಧಾರವಾಡ ಆಕಾಶವಾಣಿ, ಅದರ ವಿವಿಧ ಭಾರತಿ. ಅಂಗಡಿಗೆ ಹೋಗಿ ಮಾತಾಡೋದು, ಬರೆಯೋದು, ರೆಕಾರ್ಡ್ ಮಾಡಿಸೋದು, ಟೇಪ್ ಚೀಲಕ್ಕೆ ಹಾಕ್ಕೊಂಡು ಧಾರವಾಡದ ಬಸ್ ಹತ್ತೋದು, ಎಲ್ಲಾ ನನ್ನ ಪಾಲಿನ ಕೆಲಸ. ಈಗಲೂ ಇದೇ ಕೆಲಸದಲ್ಲಿದ್ದೇನೆ. ಹೊಸದಾಗಿ ಸೇರುವ ಹುಡುಗ ಹುಡುಗಿಯರಿಗೆ ನಾನು ಮೊದಲು ಹೇಳೋದು ದುರ್ಗದಬೈಲಿನ ಛತ್ರಿ ಅಂಗಡಿಯ ಕತೆ.

ಆ ಅಂಗಡಿಯವರು ಮೊದಲ ಸಲ ರೇಡಿಯೊಗೆ ಬರುವವರಿದ್ದರು. ಮೇ ತಿಂಗಳ ಕೊನೆ. ಗಲ್ಲಾ ಮುಂದೆ ಕೂತು ಒಂದೇ ಮಾತು ಹೇಳಿದರು. "ತಮ್ಮಾ, ರೊಕ್ಕ ಕೊಡಾಂವ ನಾನು. ನಮ್ಮ ಅಂಗಡಿ ಹೆಸರು ಮೂರು ಸಲರೆ ಬರಬೇಕಲ್ಲಪಾ."

ಬರಲಿ ಅಂತ ನಾನು ಬರೆದೆ. 20 ಸೆಕೆಂಡಿನ ಜಾಹೀರಾತು. "ಅವಳಿ ನಗರದ ಸಮಸ್ತ ನಾಗರಿಕರಿಗೆ ಸಿಹಿ ಸುದ್ದಿ! ಸುಪ್ರಸಿದ್ಧ ಕಂಪನಿಗಳ ಉತ್ಕೃಷ್ಟ ಗುಣಮಟ್ಟದ ಛತ್ರಿ ಹಾಗೂ ರೇನ್‌ಕೋಟ್‌ಗಳ ಭವ್ಯ ಸಂಗ್ರಹ..." ಹೀಗೆ ಹೋಗುತ್ತಿತ್ತು. ಮೂರು ಸಲ ಹೆಸರು, ಪೂರ್ತಿ ವಿಳಾಸ, ಕೊನೆಗೆ ಫೋನ್ ನಂಬರ್ ಎರಡು ಸಲ. ಬರೆದಾಗ ನನಗೆ ಖುಷಿಯಾಗಿತ್ತು. ಪೇಪರಿನಲ್ಲಿ ಹಾಕಿದ್ದರೆ ನಡೀತಿತ್ತೇನೋ.

ನಮ್ಮಲ್ಲಿ ದನಿ ಕೊಡಲು ಒಬ್ಬ ಅಕ್ಕೋರು ಬರುತ್ತಿದ್ದರು. ಶಾಲೆಯಿಂದ ನಿವೃತ್ತರಾದವರು. ಪರ್ಸಿನಲ್ಲಿ ಯಾವಾಗಲೂ ಒಂದು ಸ್ಟಾಪ್‌ವಾಚ್, ಶಾಲೆಯ ಓಟದ ಸ್ಪರ್ಧೆಗೆ ಬಳಸುತ್ತಿದ್ದದ್ದು. ನನ್ನ ಹಾಳೆ ತಗೊಂಡು, ಗಡಿಯಾರ ಒತ್ತಿ, ಒಂದೇ ಸಮ ಓದಿದರು. ಓದಿ ಮುಗಿಸಿದಾಗ 34 ಸೆಕೆಂಡ್. ಹಾಳೆ ಮೇಜಿನ ಮೇಲಿಟ್ಟು ಕೇಳಿದರು.

"ಇದನ್ನ ಕೇಳೋ ಹೆಣ್ಮಗಳು ಆ ಹೊತ್ತಿನ್ಯಾಗ ಏನ್ ಮಾಡಾಕತ್ತಿರ್ತಾಳ, ತಮ್ಮಾ?"

ನಾನು ಸುಮ್ನೆ ನಿಂತಿದ್ದೆ.

"ರೊಟ್ಟಿ ಬಡಿಯಾಕತ್ತಿರ್ತಾಳ. ಕೈತುಂಬ ಹಿಟ್ಟು. ನಿನ್ನ ಫೋನ್ ನಂಬರ್ ಎಲ್ಲಿ ಬರ್ಕೋಬೇಕು ಆಕಿ?"

ಇಪ್ಪತ್ತೈದು ವರ್ಷ ದಾಟಿತು. ಇವತ್ತಿಗೂ ಸ್ಕ್ರಿಪ್ಟ್ ಬರೆಯಲು ಕೂತರೆ ಮೊದಲು ಕಣ್ಣಿಗೆ ಬರೋದು ಆ ಹಿಟ್ಟಿನ ಕೈ.

ರೇಡಿಯೊ ಮಾರುವುದು ಹೊತ್ತನ್ನು. ನಮ್ಮ ಲೆಕ್ಕವೆಲ್ಲ 10 ಸೆಕೆಂಡಿನ ದರದ ಮೇಲೆ ನಡೆಯುತ್ತಿತ್ತು. 10 ಸೆಕೆಂಡಿನಲ್ಲಿ ಆರಾಮಾಗಿ ಕನ್ನಡ ಓದಿದರೆ 18 ಪದ, ಹೆಚ್ಚೆಂದರೆ 20. ನಾನಂತೂ ಬೆರಳಲ್ಲಿ ಎಣಿಸಿಯೇ ಕಲಿತದ್ದು. ಪೇಪರಿನಲ್ಲಿ ಜಾಗ ಖಾಲಿ ಬಿಟ್ಟರೆ ಅಂಗಡಿಯವರಿಗೆ ಸಿಟ್ಟು. ರೇಡಿಯೊದಲ್ಲಿ ಒಂದು ಸೆಕೆಂಡ್ ಖಾಲಿ ಬಿಟ್ಟರೆ ಆ ಖಾಲಿಯಲ್ಲೇ ಮಾತು ಇಳಿಯುತ್ತದೆ. ಇದನ್ನು ಅಂಗಡಿಯವರಿಗೆ ಒಪ್ಪಿಸೋದೇ ಅರ್ಧ ಕೆಲಸ.

ನಮ್ಮ ಏಜೆನ್ಸಿಯ ಮಾಲೀಕರನ್ನು ಎಲ್ಲರೂ ಕಾಕಾ ಅಂತಿದ್ದೆವು. ರೇಡಿಯೊ ಅಂದ್ರೆ ಅವರಿಗೆ ಜೀವ. ಸಂಜೆ ಚಹಾ ಹೊತ್ತಿಗೆ ಹಳೆಯದನ್ನೆಲ್ಲ ತೆಗೆಯುತ್ತಿದ್ದರು. ಅವರಿಂದ ಕೇಳಿ, ಆಮೇಲೆ ನಾನೇ ಓದಿ ತಿಳ್ಕೊಂಡ ಒಂದು ಸಂಗತಿ ಅಕ್ಕೋರ ಮಾತಿಗೆ ನೇರವಾಗಿ ಹೊಂದುತ್ತದೆ. ರೇಡಿಯೊದಲ್ಲಿ ದುಡ್ಡು ಕೊಟ್ಟು ಹೊತ್ತು ಕೊಂಡ ಮೊದಲ ಜಾಹೀರಾತು ಅಂತ ಎಲ್ಲರೂ ಹೇಳೋದು 1922ರ ಆಗಸ್ಟ್ 28ರದ್ದು. ನ್ಯೂಯಾರ್ಕ್‌ನ ಡಬ್ಲ್ಯುಇಎಎಫ್ ಎಂಬ ಸ್ಟೇಷನ್. ಅದನ್ನು ನಡೆಸುತ್ತಿದ್ದದ್ದು ಎಟಿ ಅಂಡ್ ಟಿ ಎಂಬ ಟೆಲಿಫೋನ್ ಕಂಪನಿ. ಟ್ರಂಕ್ ಕಾಲ್‌ಗೆ ದುಡ್ಡು ತಗೊಂಡ ಹಾಗೆಯೇ ರೇಡಿಯೊದಲ್ಲಿ ಮಾತಾಡಲಿಕ್ಕೂ ದುಡ್ಡು ತಗೊಳ್ಳೋಣ ಅಂತ ಅವರ ಲೆಕ್ಕ. ಜಾಕ್ಸನ್ ಹೈಟ್ಸ್ ಎಂಬ ಕಡೆ ಮನೆ ಕಟ್ಟಿ ಮಾರುತ್ತಿದ್ದ ಕಂಪನಿಯೊಂದು ಸುಮಾರು ಹತ್ತು ನಿಮಿಷ ತಗೊಂಡಿತು. ಆ ಮಾತಿನಲ್ಲಿ ಹೆಚ್ಚಿಗೆ ಬಂದದ್ದು ಊರೊಳಗಿನ ಇಕ್ಕಟ್ಟು, ಇಟ್ಟಿಗೆ ಗೋಡೆಗಳ ನಡುವಿನ ಉಸಿರುಗಟ್ಟುವ ಬದುಕು, ಆರೋಗ್ಯ, ಹಸಿರು. ಕೇಳುವವನ ಕಷ್ಟ ಮೊದಲು, ಮಾರುವವನ ಮಾಲು ಆಮೇಲೆ.

ನಮ್ಮ ದೇಶದಲ್ಲಿ ದಾರಿ ಬೇರೆಯೇ ಆಯಿತು. ಇಲ್ಲೂ ಶುರುವಿಗೆ ರೇಡಿಯೊ ಖಾಸಗಿಯವರದ್ದೇ. ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪನಿ 1927ರ ಜುಲೈ 23ಕ್ಕೆ ಬಾಂಬೆಯಲ್ಲಿ ಸ್ಟೇಷನ್ ತೆರೆಯಿತು. ಅದರ ಆದಾಯ ನಿಂತಿದ್ದು ಬಹುಪಾಲು ಲೈಸೆನ್ಸ್ ಹಣದ ಮೇಲೆ, ಒಂದು ರೇಡಿಯೊಗೆ ವರ್ಷಕ್ಕೆ 10 ರೂಪಾಯಿ. ರೇಡಿಯೊ ಇಟ್ಟುಕೊಂಡವರೇ ಕಡಿಮೆ, ಹಣ ಎಲ್ಲಿಂದ ಬರಬೇಕು? 1930ಕ್ಕೆ ಕಂಪನಿ ಮುಚ್ಚಿತು, ಸರ್ಕಾರ ಕೈಗೆ ತಗೊಂಡಿತು. ಧಾರವಾಡ ಕೇಂದ್ರ ಶುರುವಾದದ್ದು 1950ರ ಜನವರಿ 8ಕ್ಕೆ. ಬೇಂದ್ರೆ, ಮಲ್ಲಿಕಾರ್ಜುನ ಮನ್ಸೂರರಂಥವರು ಅದರ ಸಲಹೆಗಾರರಾಗಿದ್ದರು. ಅಂಥ ಮನೆ ಅದು. ಜಾಹೀರಾತು ಮಾತ್ರ ಇನ್ನೂ ಇರಲಿಲ್ಲ.

ಜಾಹೀರಾತಿನ ರುಚಿ ನಮ್ಮ ಜನಕ್ಕೆ ಹತ್ತಿಸಿದ್ದು ಶ್ರೀಲಂಕಾದ ರೇಡಿಯೊ ಸಿಲೋನ್. 1952ರಲ್ಲಿ ವಾರ್ತಾ ಮಂತ್ರಿ ಬಿ.ವಿ. ಕೇಸ್ಕರ್ ಕಾಲಕ್ಕೆ ಆಕಾಶವಾಣಿಯಲ್ಲಿ ಸಿನಿಮಾ ಹಾಡು ನಿಂತುಹೋಯಿತು. ಅದೇ ವರ್ಷ ಸಿಲೋನಿನಿಂದ ಬಿನಾಕಾ ಗೀತಮಾಲಾ ಎಂಬ ಸಿನಿಮಾ ಹಾಡಿನ ಕಾರ್ಯಕ್ರಮ ಶುರು. ಟೂತ್‌ಪೇಸ್ಟ್ ಮಾರುವವರ ದುಡ್ಡು, ಅಮೀನ್ ಸಯಾನಿಯ ದನಿ. ಕಾಕಾ ಹುಡುಗನಾಗಿದ್ದಾಗ ಬುಧವಾರ ಸಂಜೆ ಓಣಿಯ ಹುಡುಗರೆಲ್ಲ ಒಂದೇ ರೇಡಿಯೊ ಸುತ್ತ ಕೂಡುತ್ತಿದ್ದರಂತೆ. ಕೊನೆಗೆ 1957ರ ಅಕ್ಟೋಬರ್‌ನಲ್ಲಿ ವಿವಿಧ ಭಾರತಿ ಬಂತು, ಹಾಡು ವಾಪಸ್ ಬಂತು. 1967ರ ನವೆಂಬರ್ 1ಕ್ಕೆ ಬಾಂಬೆ, ನಾಗಪುರ, ಪುಣೆಯಲ್ಲಿ ಅದರ ಮೇಲೆ ಜಾಹೀರಾತು ಶುರುವಾಯಿತು. ಆಮೇಲೆ ಬೇರೆ ಊರುಗಳಿಗೆ, ನಮ್ಮ ಧಾರವಾಡಕ್ಕೂ. ಲಂಡನ್‌ನಲ್ಲಿ ಕಾಯ್ದೆಪ್ರಕಾರ ಖಾಸಗಿ ಸ್ಥಳೀಯ ರೇಡಿಯೊ ಬಂದದ್ದು 1973ರ ಅಕ್ಟೋಬರ್‌ನಲ್ಲಿ. ನಮ್ಮ ವಿವಿಧ ಭಾರತಿ ಜಾಹೀರಾತು ಹಾಕಲು ಶುರುಮಾಡಿ ಆಗಲೇ ಆರು ವರ್ಷ ಆಗುತ್ತ ಬಂದಿತ್ತು. ಇದನ್ನು ಹೇಳುವಾಗ ಕಾಕಾನ ಮುಖ ನೋಡಬೇಕಿತ್ತು.

ನಿಯಮಗಳೂ ಬಿಗಿ ಇದ್ದವು. ಬೀಡಿ, ಸಿಗರೇಟು, ಸಾರಾಯಿ ಯಾವುದಕ್ಕೂ ಆಕಾಶವಾಣಿಯಲ್ಲಿ ಜಾಗ ಇಲ್ಲ. ಭವಿಷ್ಯ ಹೇಳುವವರಿಗೂ ಇಲ್ಲ. ಕೈತುಂಬ ದುಡ್ಡು ಹಿಡ್ಕೊಂಡು ಬಂದವರನ್ನು ನಾವೇ ಬಾಗಿಲಿಂದ ವಾಪಸ್ ಕಳಿಸಿದ್ದುಂಟು. ಆ ಬಿಗಿ ಒಳ್ಳೆಯದೇ ಆಗಿತ್ತು ಅಂತ ಇವತ್ತಿಗೂ ನಂಬಿದ್ದೇನೆ. ರೇಡಿಯೊದಲ್ಲಿ ಬಂತು ಅಂದ್ರೆ ಖರೆ ಇರಬೇಕು ಅಂತ ಜನ ಅಂದುಕೊಳ್ಳುತ್ತಿದ್ದರು. ಆ ನಂಬಿಕೆಯ ಮೇಲೇ ನಮ್ಮ ಹೊಟ್ಟೆ ನಡೆಯುತ್ತಿತ್ತು.

ಛತ್ರಿಗೆ ಬರೋಣ. ಅಕ್ಕೋರು ಹೇಳಿದ ಮೇಲೆ ನಾನು ಮತ್ತೆ ಅಂಗಡಿಗೆ ಹೋದೆ. ಅರ್ಧ ದಿನ ಸುಮ್ನೆ ಕೂತೆ. ಬಂದವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಹೊಸ ಛತ್ರಿಗೆ ಬಂದವರಲ್ಲ, ಹಳೆಯದರ ಕಡ್ಡಿ ಕಟ್ಟಿಸಲು ಬಂದವರು. ಅಂಗಡಿ ಮುಂದಿನ ಕಟ್ಟೆ ಮೇಲೆ ಒಬ್ಬ ಅಜ್ಜ ತಂತಿ, ಸೂಜಿ, ದಾರ ಇಟ್ಕೊಂಡು ಕೂತಿದ್ದ. ಅದನ್ನೇ ಬರೆದೆ.

ತಗಡಿನ ಮೇಲೆ ಮಳೆಯ ಸದ್ದು. ಹುಡುಗ: "ಯವ್ವಾ, ಮಳಿ ಬಂತು! ಛತ್ರಿ ಎಲ್ಲೈತಿ?" ತಾಯಿ: "ಅಟ್ಟದ ಮ್ಯಾಲೈತಿ. ಕಡ್ಡಿ ಮುರದೈತಿ ನೋಡಪಾ." "ಸಾಲಿಗೆ ಹೆಂಗ ಹೋಗ್ಲಿ?" "ದುರ್ಗದಬೈಲಿಗೆ ಹೋಗೂಣ ನಡಿ, ಕಟ್ಟಿಸ್ಕೊಂಡು ಬರೂಣು." ಆಮೇಲೆ ಅಂಗಡಿ ಹೆಸರು, ಒಂದೇ ಸಲ.

ರಿಪೇರಿಯಲ್ಲಿ ಏನು ಲಾಭ ಅಂತ ಅಂಗಡಿಯವರು ಒಪ್ಪಲಿಲ್ಲ. ಕಾಕಾ ಹೋಗಿ ಕೂತು, ಕಟ್ಟಿಸಲು ಬಂದವರು ಕಟ್ಟಿಸಿಕೊಂಡಷ್ಟೇ ಹೋಗ್ತಾರಾ ಅಂತ ಕೇಳಿದ ಮೇಲೆ ಒಪ್ಪಿದರು.

ಮಳೆಯ ಸದ್ದಿಗೆ ನಾವು ಪಟ್ಟ ಪಾಡು ಹೇಳಲೇಬೇಕು. ತಗಡಿನ ಮೇಲೆ ನಿಜವಾಗಿ ನೀರು ಸುರಿದು ರೆಕಾರ್ಡ್ ಮಾಡಿದೆವು. ಕೇಳಿದರೆ ಒಗ್ಗರಣೆ ಸಿಡಿದ ಹಾಗೆ ಇತ್ತು. ಅಕ್ಕೋರು ಮನೆಯಿಂದ ಮೊರ ತಂದರು, ಎರಡು ಹಿಡಿ ಜೋಳ ಹಾಕಿ ಮೈಕಿನ ಹತ್ತಿರ ನಿಧಾನ ಆಡಿಸಿದರು. ಜೋಳ ಒಂದು ಕಡೆಯಿಂದ ಇನ್ನೊಂದು ಕಡೆಗೆ ಉರುಳುವಾಗ ಸರ್ರ್ ಅಂತ ಬಂದ ಸದ್ದು ಧಾರವಾಡದ ಜಿಟಿಜಿಟಿ ಮಳೆಯೇ. ಮೊರ ಜೋರಾಗಿ ಆಡಿಸಿದರೆ ದೊಡ್ಡ ಮಳೆ. ಹುಡುಗನ ದನಿಗೆ ಅಕ್ಕೋರು ತಮ್ಮ ಓಣಿಯ ಒಬ್ಬ ಹುಡುಗನನ್ನು ಕರ್ಕೊಂಡು ಬಂದಿದ್ದರು, ಐದನೇ ಇಯತ್ತೆ. "ಮಳಿ ಬಂತು" ಅನ್ನೋವಾಗ ಅವನು ನಿಜವಾಗಿಯೂ ಕಿಟಕಿ ಕಡೆ ನೋಡುತ್ತಿದ್ದ.

ಇಷ್ಟೆಲ್ಲ ಮಾಡಿ ತಪ್ಪು ಮಾಡಿದ್ದು ನಾನು. ಮಿರಗದ ಮಳೆ, ಅಂದ್ರೆ ಮೃಗಶಿರಾ ಮಳೆ, ಬಂದೇ ಬರುತ್ತದೆ ಅಂತ ಜೂನ್ ಮೊದಲ ವಾರದಿಂದ ಹತ್ತು ದಿನ ಬುಕ್ ಮಾಡಿದೆ. ಟೇಪ್ ಮೊದಲೇ ಮುಟ್ಟಿಸಿದ್ದೆ. ಆ ವರ್ಷ ಮಿರಗ ಒಣಗೇ ಹೋಯಿತು. ಹತ್ತು ದಿನ ನೆತ್ತಿ ಸುಡುವ ಬಿಸಿಲು, ಹತ್ತೂ ದಿನ ರೇಡಿಯೊದಲ್ಲಿ ಆ ಹುಡುಗ "ಯವ್ವಾ, ಮಳಿ ಬಂತು" ಅಂತ ಕೂಗಿದ.

ವ್ಯಾಪಾರ ಆಗಲಿಲ್ಲ ಅನ್ನೋದು ಒಂದು. ಅದಕ್ಕಿಂತ ದೊಡ್ಡ ಪೆಟ್ಟು ಬೇರೆ ಇತ್ತು. ಎಂಟನೇ ದಿನ ಅಂಗಡಿಯಲ್ಲಿ ನಿಂತಿದ್ದೆ. ಕುಂದಗೋಳ ಕಡೆಯ ಒಬ್ಬ ರೈತರು ಬಂದರು, ಛತ್ರಿ ಕೊಳ್ಳಲು ಅಲ್ಲ. ಹೆಗಲ ಮೇಲಿನ ಟವಲ್ ತೆಗೆದು ಮುಖ ಒರೆಸಿಕೊಂಡು ಅಂಗಡಿಯವರಿಗೆ ಹೇಳಿದರು. "ಬೀಜ ಮನ್ಯಾಗ ಇಟ್ಕೊಂಡು ಮುಗಿಲ ನೋಡ್ಕೋತ ಕುಂತೀವ್ರಿ. ದಿನಾ ಮುಂಜಾನೆ ಮಳಿ ಬಂತು ಮಳಿ ಬಂತು ಅಂತೀರಲಾ, ನಮ್ಮ ಹೊಟ್ಟಿ ಉರಸ್ತೀರೇನ್ರಿ?"

ಅವರು ಸಿಟ್ಟಿನಿಂದ ಹೇಳಿದ್ದರೆ ನನಗೆ ಅಷ್ಟು ನಾಟುತ್ತಿರಲಿಲ್ಲ. ಮೆತ್ತಗೆ ಹೇಳಿದರು. ಅಂಗಡಿಯವರು ಎದ್ದು ನಿಂತು ಕೈ ಮುಗಿದರು. ನಾನೂ ಮುಗಿದೆ.

ಬಾಂಬೆಯಲ್ಲಿ ತಯಾರಾದ ಸೋಪಿನ ಜಾಹೀರಾತು ಯಾವ ದಿನ ಬಂದರೂ ನಡೆಯುತ್ತದೆ. ಅದು ಯಾವ ಊರಿನದೂ ಅಲ್ಲ, ಯಾವ ದಿನದ್ದೂ ಅಲ್ಲ. ದುರ್ಗದಬೈಲಿನ ಅಂಗಡಿ ಹಾಗಲ್ಲ. ಅದನ್ನು ಕೇಳುವವರು ಅದೇ ಬಿಸಿಲಿನಲ್ಲಿ, ಅದೇ ಮುಗಿಲ ಕೆಳಗೆ ಇದ್ದಾರೆ. ನಾನು ಊರಿನ ಭಾಷೆ ಹಾಕಿದ್ದೆ, ಊರಿನ ಸದ್ದು ಹಾಕಿದ್ದೆ, ಊರಿನ ದಿನ ಹಾಕಿರಲಿಲ್ಲ. ದೊಡ್ಡ ಕಂಪನಿಗಳ ಜಾಹೀರಾತಿನ ಮುಂದೆ ನಮ್ಮಂಥವರ ಹತ್ತಿರ ಇರುವ ಒಂದೇ ಬಲ ಅದು. ಅದನ್ನೇ ಬಿಟ್ಟುಕೊಟ್ಟಿದ್ದೆ.

ಆಮೇಲೆ ಖಾಸಗಿ ಎಫ್‌ಎಂ ಕಾಲ ಬಂತು. ಗಾಳಿಯಲ್ಲಿನ ತರಂಗಗಳು ಸಾರ್ವಜನಿಕರ ಆಸ್ತಿ ಅಂತ ಸುಪ್ರೀಂ ಕೋರ್ಟ್ 1995ರಲ್ಲಿ ಹೇಳಿತ್ತು. 2001ರ ಜುಲೈನಲ್ಲಿ ಬೆಂಗಳೂರಿನಲ್ಲಿ ರೇಡಿಯೊ ಸಿಟಿ ಶುರುವಾಯಿತು, ದೇಶದ ಮೊದಲ ಖಾಸಗಿ ಎಫ್‌ಎಂ ಅದೇ. ಸರ್ಕಾರ ಖಾಸಗಿ ಎಫ್‌ಎಂಗೆ ಲೈಸೆನ್ಸ್ ಕೊಟ್ಟದ್ದು ಹಂತಹಂತವಾಗಿ. ಮೊದಲ ಹಂತದಲ್ಲಿ ಲೈಸೆನ್ಸ್ ಹಣ ವರ್ಷವರ್ಷ ಏರುತ್ತ ಹೋಗಿ ಎಷ್ಟೋ ಜನ ಕೈಬಿಟ್ಟರು. ಎರಡನೇ ಹಂತಕ್ಕೆ 2005ರಲ್ಲಿ ಆದಾಯದ ಶೇ 4ರಷ್ಟು ಪಾಲು ಕೊಡಿ ಅಂತ ಬದಲಾಯಿಸಿದ ಮೇಲೆ ಸಣ್ಣ ಊರುಗಳಿಗೂ ದಾರಿಯಾಯಿತು. ಹುಬ್ಬಳ್ಳಿ-ಧಾರವಾಡದ ಸರದಿ ಬಂದದ್ದು ಮೂರನೇ ಹಂತದ ಹರಾಜಿನಲ್ಲಿ. ಖಾಸಗಿ ಎಫ್‌ಎಂನವರು ಸ್ವಂತ ಸುದ್ದಿ ಹೇಳುವಂತಿಲ್ಲ, ಆಕಾಶವಾಣಿಯ ವಾರ್ತೆ ಹಾಗೇ ಹಾಕಬಹುದು ಅಷ್ಟೇ. ಆದ್ರೆ ಹವಾಮಾನ, ಟ್ರಾಫಿಕ್, ಕರೆಂಟು, ನೀರು ಹೇಳಬಹುದು. ನೀರು! ವಾರಕ್ಕೊಮ್ಮೆ ನಲ್ಲಿ ನೋಡಿದ ಓಣಿಗಳಿರುವ ಊರಿನಲ್ಲಿ ಇದಕ್ಕಿಂತ ದೊಡ್ಡ ಸುದ್ದಿ ಯಾವುದು? ನೀರಿನ ಡ್ರಮ್ ಮಾರುವ ಒಬ್ಬರಿಗೆ ನಾವು ಓಣಿ ಹೆಸರು ಬದಲಾಯಿಸಿ ಐದು ಬಗೆಯಾಗಿ ರೆಕಾರ್ಡ್ ಮಾಡಿದೆವು, ನೀರು ಬರುವ ಹಿಂದಿನ ದಿನ ಹಾಕಿಸಿದೆವು. ಈಗ ಮೇಲ್ ಮಾಡಿದರೆ ಆಯಿತು. ಆಗ ಅದಕ್ಕೆ ಬಸ್ ಹತ್ತಬೇಕಿತ್ತು.

ಮತ್ತೆ ಆ ಹಳೆಯ ಕತೆಗೆ. ಮಿರಗ ಒಣಗಿದ ಮರುವರ್ಷ ಛತ್ರಿ ಅಂಗಡಿಯವರು ಮತ್ತೆ ಬರುತ್ತಾರೆ ಅಂತ ನಾನು ಅಂದುಕೊಂಡಿರಲಿಲ್ಲ. ಬಂದರು. ಈ ಸಲ ಎರಡು ಜಾಹೀರಾತು ಮಾಡಿದೆವು. ಒಂದು ಮಳೆಗೆ ಮೊದಲಿನದು. ಅದರಲ್ಲಿ ತಾಯಿ, "ಮಳಿ ಬರೂದ್ರಾಗ ಕಡ್ಡಿ ಕಟ್ಟಿಸಿ ಇಡೂಣು, ಬರಲಿ ಬೇಗ" ಅನ್ನುತ್ತಾಳೆ. ಇನ್ನೊಂದು ಆ ಹಳೆಯದೇ. ಎರಡನ್ನೂ ಮೊದಲೇ ಆಕಾಶವಾಣಿಗೆ ಒಪ್ಪಿಸಿ ಇಟ್ಟೆವು. ಜೂನ್‌ನಲ್ಲಿ ಒಂದು ಬೆಳಗಿನ ಜಾವ ಅಂಗಡಿಯವರ ಫೋನ್ ಬಂತು. "ತಮ್ಮಾ, ಬಂತು ನೋಡು." ಇನ್ನು ಮಳೆಯ ಜಾಹೀರಾತು ಹಾಕಿ ಅಂತ ನಾನು ಚೀಟಿ ಬರೆದು ಮೊದಲ ಬಸ್ಸಿಗೇ ಧಾರವಾಡಕ್ಕೆ ಹೋದೆ.

ಮರುದಿನ ಅಂಗಡಿಗೆ ಹೋದಾಗ ಕಾಲಿಡಲು ಜಾಗ ಇರಲಿಲ್ಲ. ಕಟ್ಟೆಯ ಅಜ್ಜನ ಸುತ್ತ ಒದ್ದೆ ಛತ್ರಿಗಳ ರಾಶಿ. ಗಲ್ಲಾ ಪಕ್ಕದ ರೇಡಿಯೊದಲ್ಲಿ ಹಾಡು ಮುಗಿದು ಜೋಳದ ಮಳೆ ಶುರುವಾಯಿತು, ಹೊರಗೆ ನಿಜವಾದದ್ದು ಸುರಿಯುತ್ತಿತ್ತು. ಅಂಗಡಿಯವರು ದನಿ ಏರಿಸಿ ಪೂರ್ತಿ ಕೇಳಿದರು. ಹೆಸರು ಎಷ್ಟು ಸಲ ಬಂತು ಅಂತ ಕೇಳಲಿಲ್ಲ.

"ಆ ಹುಡುಗ ಯಾರಪಾ?" ಅಂದರು. ಅಕ್ಕೋರ ಓಣಿಯವನು ಅಂದೆ. ಕಪಾಟಿನಿಂದ ಒಂದು ಸಣ್ಣ ಛತ್ರಿ ತೆಗೆದು, ಬಿಡಿಸಿ ಕಡ್ಡಿ ಒಂದೊಂದೇ ನೋಡಿ, ಮಡಚಿ ನನ್ನ ಕೈಗೆ ಕೊಟ್ಟರು.

"ಅವಂಗ ಮುಟ್ಟಸು. ಸಾಲಿಗೆ ಹೋಗಬೇಕಲಾ."