ದ್ರಾಸ್‌ಗೆ ಜುಲೈ 26ಕ್ಕೇ ಹೋಗ್ಬೇಕು ಅನ್ನೋರಿಗೆ ಒಂದ್ ಮಾತು

ಕಾರ್ಗಿಲ್ ವಿಜಯ್ ದಿವಸ್ ದಿನವೇ ಲಡಾಖ್‌ನ ದ್ರಾಸ್‌ನಲ್ಲಿರೋ ಯುದ್ಧದ ಮೆಮೋರಿಯಲ್ ಮುಂದೆ ನಿಂತಿರ್ಬೇಕು ಅಂತ ಹಠ ಮಾಡ್ಕೊಂಡು ಹೋದೋನು ನಾನು. ಈಗ ಯಾರಾದ್ರೂ ಕೇಳಿದ್ರೆ 26 ಬಿಡಿ, 27ಕ್ಕೆ ಹೋಗಿ ಅಂತೀನಿ.

ಶ್ರೀನಗರದಿಂದ ಶೇರಿಂಗ್ ಸುಮೋ. ಹಿಂದೆ ಮೂರೇ ಜನ ಅಂದಿದ್ದ ಡ್ರೈವರ್ ನಾಲ್ಕು ಜನಾನ ತುರುಕ್ದ, ಝೋಜಿಲಾ ಅನ್ನೋ ಬೆಟ್ಟದ ಕಣಿವೆ ದಾರಿ ಹತ್ರ ಎರಡೂವರೆ ಗಂಟೆ ನಿಂತ್ವಿ, ಅಲ್ಲಿ ಒಂದ್ ಕಡೆ ಗಾಡಿ ಬಿಡೋವಾಗ ಇನ್ನೊಂದ್ ಕಡೆ ತಡೀತಾರೆ, ಮೊಣಕಾಲು ಮಡಚಿ ಮಡಚಿ ಜೋಮು ಹಿಡಿದುಹೋಯ್ತು. ಕತ್ತಲಿರುವಾಗ್ಲೇ ಹೊರಡಿ. ನಮ್ಮೂರಿನ ಪ್ರೀಪೇಯ್ಡ್ ಸಿಮ್ ಅಲ್ಲಿ ನಡೆಯಲ್ಲ, ಪೋಸ್ಟ್‌ಪೇಯ್ಡ್ ಇರ್ಲಿ.

ರೂಮಿನ ಕಥೆ ಇನ್ನೂ ಚೆನ್ನಾಗಿದೆ. ಫೋನಲ್ಲಿ 1,800 ಅಂದಿದ್ದೋನು 25ರ ಸಂಜೆ ನನ್ನ ಬ್ಯಾಗು, ಮುಖ ಎರಡೂ ನೋಡಿ 5,500 ಅಂದ. ಬಿಸಿನೀರು ಒಂದೇ ಬಕೆಟ್, ಅದಕ್ಕೆ ಬೇರೆ ನೂರು ರೂಪಾಯಿ. ಹತ್ತು ಸಾವಿರ ಅಡಿ ಮೇಲಿನ ಚಳೀಲಿ ಇನ್ನೆಲ್ಲಿಗೆ ಹೋಗೋದು, ಬೈಕೊಂಡೇ ಕೊಟ್ಟೆ.

ಆ ಸಿಟ್ಟು ಇಳಿಸಿದ್ದು ಬಜಾರಲ್ಲಿ ಬೋರ್ಡೂ ಇಲ್ಲದ ಒಂದು ಢಾಬಾ. ರಾಜ್ಮಾ, ಬಿಸಿ ಅನ್ನ, ಹಸಿ ಈರುಳ್ಳಿ, ಎಲ್ಲಾ ಸೇರಿ 90 ರೂಪಾಯಿ. ರಾಜ್ಮಾ ಬೆಣ್ಣೆ ಥರ ಬೆಂದಿತ್ತು. ಅನ್ನ ಸಾಕು ಅಂದ್ರೂ ಚಾಚಾ ಇನ್ನೊಂದ್ ಸೌಟು ಹಾಕೋರು, ದುಡ್ಡು ಹಾಕ್ಲಿಲ್ಲ. ಉಪ್ಪು ಚಹಾ ಮೊದಲ್ನೇ ಗುಟುಕಿಗೆ ಸಾರಿನ ಥರ ಅನ್ಸುತ್ತೆ, ಮೂರನೇ ಲೋಟಕ್ಕೆ ನಾನೇ ಕೇಳಿ ಹಾಕಿಸ್ಕೊಂಡೆ. ಎರಡು ದಿನ ಮೂರು ಹೊತ್ತೂ ಅಲ್ಲೇ.

26ರಂದು ನಾನು ಕಂಡಿದ್ದು ಬ್ಯಾರಿಕೇಡು, ಮುಂದಿನೋರ ಬೆನ್ನು, ಮೇಲೆತ್ತಿದ ಮೊಬೈಲು. ಭಾಷಣ ಮೈಕಲ್ಲಿ ಕೇಳಿಸ್ತು, ಅಷ್ಟೇ.

27ರ ಬೆಳಿಗ್ಗೆ ಅಲ್ಲಿ ಹತ್ತು ಜನಾನೂ ಇರ್ಲಿಲ್ಲ. ಜವಾನನೊಬ್ಬ ಒದ್ದೆ ಬಟ್ಟೇಲಿ ಹೆಸರಿನ ಕಲ್ಲುಗಳನ್ನ ಒಂದೊಂದಾಗಿ ಒರೆಸ್ತಿದ್ದ, ಅಕ್ಷರದ ಸಂದಿಗೆ ಸಿಕ್ಕಿದ್ದ ಚೆಂಡುಹೂವಿನ ಎಸಳನ್ನ ಉಗುರಲ್ಲಿ ತೆಗೀತಿದ್ದ. 1999ರ ಆ ಯುದ್ಧದಲ್ಲಿ ಸತ್ತ ನಮ್ಮ ಸೈನಿಕರು 527 ಜನ. ಅಲ್ಲಿನ ಗ್ಯಾಲರಿಗೆ ಹೆಸರಿಟ್ಟಿರೋ ಕ್ಯಾಪ್ಟನ್ ಮನೋಜ್ ಪಾಂಡೆಗೆ ಆ ಯುದ್ಧದಲ್ಲಿ ಸತ್ತಾಗ 24 ವರ್ಷ, ನನ್ನ ತಮ್ಮನಿಗೆ ಈಗ ಅಷ್ಟೇ, ಇನ್ನೂ ಬಟ್ಟೆ ಒಗೆಯೋಕೆ ಅಮ್ಮನ್ನ ಕರೀತಾನೆ.

ಗೋಡೆ ಹಿಂದೇನೇ ತೋಲೋಲಿಂಗ್ ಬೆಟ್ಟ. ಜೂನ್ 13ಕ್ಕೆ ನಮ್ಮ ಸೇನೆಯ 2 ರಾಜಪುತಾನಾ ರೈಫಲ್ಸ್ ತುಕಡಿಯೋರು ಅದನ್ನ ಪಾಕಿಸ್ತಾನದೋರ ಕೈಯಿಂದ ಹಿಡಿದ್ರು ಅಂತ ಓದಿದ್ದೆ, ಯಾಕೆ ಅಷ್ಟು ಮುಖ್ಯ ಅಂತ ಗೊತ್ತಾಗಿದ್ದು ಗೇಟ್ ಹತ್ರ ತಿರುಗಿ ನೋಡ್ದಾಗ. ಲೇಹ್‌ಗೆ ಹೋಗೋ ರಸ್ತೆ ಬೆಟ್ಟದ ಬುಡದಲ್ಲೇ ಇದೆ, ಮೇಲೆ ಕೂತೋನಿಗೆ ಪ್ರತಿ ಲಾರೀನೂ ಕಾಣುತ್ತೆ, ಹತ್ತೋನಿಗೆ ಅಡಗೋಕೆ ಒಂದ್ ಮರ ಇಲ್ಲ.

ಮೆಮೋರಿಯಲ್ ನೋಡೋಕೆ ಎರಡು ಗಂಟೆ ಇಟ್ಕೊಳ್ಳಿ. ಸುಮೋದೋರು ಇಪ್ಪತ್ತು ನಿಮಿಷ ಸಾಕು ಅಂತಾರೆ, ಗಾಡಿ ಹತ್ತೋಕೆ ಮುಂಚೆನೇ ಮಾತಾಡ್ಕೊಳ್ಳಿ.